ತೇರವಿ ದಿನದ ಸಕ್ಕರಿ

ತುಳಜಾರಾಮ ಯಾರ ಮನೆಯಲ್ಲೂ ಕೊಟ್ಟದ್ದನ್ನು ಒಲ್ಲೆ ಅಂದವರಲ್ಲ. ಕುರಿ ಹಿಂದೆ ತಿರುಗುವವರ ಡೇರೆಗೆ ಹೋಗಿ, "ಈ ಹುಡುಗೀನ ನನ್ನ ಕೂಡ ಕಳಸ್ರಿ, ಬಸವಕಲ್ಯಾಣದ ಹಾಸ್ಟೆಲ್‌ನಾಗ ಇಟ್ಟು ಓದಸ್ತೀನಿ" ಅಂತ ಕೇಳುವ ಮೊದಲು ಅವರು ಕೊಟ್ಟ ಚಹಾ ಕುಡಿಯುತ್ತಿದ್ದರು, ಬೆಲ್ಲ ಕೊಟ್ಟರೆ ಬೆಲ್ಲ ತಿನ್ನುತ್ತಿದ್ದರು. "ಅವರ ಕೈಯಾಗಿಂದು ತಿನ್ನದ ಅವರ ಮಗಳನ್ನ ಹ್ಯಾಂಗ ಕೇಳಲಿ?" ಅನ್ನೋರು. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಮನೆಗೆ ಬಂದು ಹೆಂಡತಿ ಸುಮನಬಾಯಿ ಮುಂದೆ ಕಳ್ಳನ ಹಾಗೆ ಕೂತು, "ಬರೇ ನಾಲಿಗಿಗಿ ಹಚ್ಚೀನಿ" ಅಂತ ಕಿರುಬೆರಳ ತುದಿ ತೋರಿಸುತ್ತಿದ್ದರು.

ಆ ಚಾಳಿಯೇ ಈಗ ಮಗಳು ಕಾಜಲಳ ಕೊರಳಿಗೆ ಬಿದ್ದಿತ್ತು.

ದವಾಖಾನೆಯಲ್ಲಿ ತುಳಜಾರಾಮ ಕೊನೆಯ ಸಲ ಕಣ್ಣು ಬಿಟ್ಟಿದ್ದಾಗ ಹಳ್ಳಿಖೇಡದಿಂದ ತಂಗಿ ಯಶೋದಾಬಾಯಿ ಬಂದಿದ್ದಳು. ಅತ್ತು ಅತ್ತು ಹೈರಾಣಾಗಿ, "ಅಣ್ಣಾ, ಕಾಜಲಳನ್ನ ನನ್ನ ಮಗ ಧರ್ಮೇಂದ್ರಗ ಕೊಡ್ತೀ ಅಲ್ಲ?" ಅಂದು ಚಿಟಿಕೆ ಸಕ್ಕರೆ ಅವರ ಬಾಯಿಗಿಟ್ಟಳು. ಅಣ್ಣ ತಿಂದ. ತಂಗಿಯ ಕಣ್ಣು ಒರೆಸಿದ. ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಆಮೇಲೆ ಅವರಿಗೆ ಮಾತೇ ಹೊರಡಲಿಲ್ಲ. ಗಂಡಿನ ಕಡೆಯವರ ಕೈಯಿಂದ ಹೆಣ್ಣಿನ ತಂದೆ ಸಕ್ಕರೆ ತಿಂದರೆ ಇವರ ಜನರಲ್ಲಿ ಲಗ್ನದ ಮಾತು ಪಕ್ಕಾ. ಮಂಚದ ಕಾಲಿನ ಹತ್ತಿರ ನಿಂತಿದ್ದ ಕಾಜಲಳನ್ನು ಯಾರೂ ಏನೂ ಕೇಳಲಿಲ್ಲ.

ಇವತ್ತು ತೇರವಿ, ಅವರು ತೀರಿಕೊಂಡ ಹದಿಮೂರನೇ ದಿನ. ಹುಮನಾಬಾದದ ಮನೆಯ ಮುಂದೆ ಪೆಂಡಾಲು. ಸೂತಕ ಕಳೆದವರ ಬಾಯಿಗೆ ಬೀಗರು ಸಿಹಿ ಹಾಕುವ ದಿನ. ಬೆಳಿಗ್ಗೆ ಒಲೆಯ ಮುಂದೆ ಕಾಜಲ ತಾಯಿಗೆ ಮೆಲ್ಲಗೆ ಹೇಳಿದ್ದಳು: "ಅವ್ವಾ, ದೀಪಾವಳಿ ಆದ ಮ್ಯಾಲೆ ನನ್ನ ಬಿ.ಎಡ್. ಕ್ಲಾಸ್ ಸುರು ಅದ. ಬಸವಕಲ್ಯಾಣಕ್ಕ ಕರಕೊಂಡು ಹೋಗಿ ಸೀಟ್ ಮಾಡಿಸಿದವ್ರು ಅಪ್ಪಾನೇ ಅಲ್ಲ? ಓದಿದ್ದು ಸಾಕು, ಮನಿಯಾಗಿರ್ಲಿ ಅಂತಾನ ಧರ್ಮೇಂದ್ರ."

ಸುಮನಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಈ ವರ್ಷದಾಗ ಲಗ್ನ ಆಗಲಿಲ್ಲಂದ್ರ ಸಾವಿನ ಮನಿ ಅಂತ ಮೂರು ವರ್ಷ ಕಾಯಬೇಕಂತಾಳ ನಿಮ್ಮತ್ತಿ. ನಾ ಏನ್ ಮಾಡ್ಲೆವ್ವ? ಅವರು ಸಕ್ಕರಿ ತಿಂದಿಲ್ಲ ಅನ್ಲೇನು? ನಾಕು ಮಂದಿ ನೋಡ್ಯಾರ. ಸುಮ್ನ ತಿಂದಾರ ಅಂದ್ರ, ಸಾಯೂಮುಂದ ತಂಗಿಗಿ ಮೋಸ ಮಾಡಿದ ಅಂತಾರ. ಜೀವಮಾನದಾಗ ಒಂದು ಮಾತು ತಪ್ಪಿದವರಲ್ಲ."

ಪೆಂಡಾಲಿನಲ್ಲಿ ಊರೆಲ್ಲ ತುಂಬಿತ್ತು. ಅವರು ಓದಿಸಿದ ಹುಡುಗಿಯರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಒಬ್ಬೊಬ್ಬರೇ ಮೈಕು ಹಿಡಿದು ಅವರನ್ನು ನೆನೆಯುತ್ತಿದ್ದರು. ಪಕ್ಕದ ಮನೆಯ ಸರ್ದಾರಬಿ ಮೈಕು ಕಸಿದುಕೊಂಡು, "ನಮ್ಮ ಈದಿನ ಸಿಹಿ ಶೀರಖುರ್ಮಾ ಎರಡು ಬಟ್ಟಲ ಹೊಡದು, ಸುಮನಾಗ ಹೇಳಬ್ಯಾಡ್ರಿ ಆಪಾ, ಬೈತಾಳ, ಅಂತಿದ್ದ" ಅಂದಳು. ಜನ ಅಳುತ್ತಲೇ ನಕ್ಕರು. "ಹೇಳಿ ಬಿಟ್ಟಿ ನೋಡು ಈಗ!" ಅಂತ ಹಿಂದಿನಿಂದ ಯಾರೋ ಕೂಗಿದರು.

ಊರ ಹಿರಿಯ ಮಹಾರುದ್ರಪ್ಪ ಮೈಕನ್ನು ಕಾಜಲಳ ಕೈಗಿಟ್ಟ. "ನೀನೂ ಎರಡು ಮಾತಾಡು ಮಗಳ. ಸುಮ್ನ ನಿಂತರ ಆಗ್ತದೇನು?"

ಕಾಜಲ ಮೈಕನ್ನು ಎದೆಗವಚಿಕೊಂಡಳು. "ನಮ್ಮಪ್ಪ..." ಅಂದಳು. ಅಷ್ಟರಲ್ಲೇ ಯಶೋದಾಬಾಯಿ ಎದ್ದು ಬಂದಳು, ಬಟ್ಟಲಲ್ಲಿ ಸಕ್ಕರೆ.

"ಆಕಿ ಏನ್ ಹೇಳ್ತಾಳ್ರಿ, ಸಣ್ಣಾಕಿ. ನಾ ಹೇಳ್ತೀನಿ. ನಮ್ಮಣ್ಣ ನನ್ನ ಕೈಯಾಗ ಸಕ್ಕರಿ ತಿಂದು ಮಾತು ಕೊಟ್ಟಾನ. ಇವತ್ತ ಸೊಸಿ ಬಾಯಿ ಸಿಹಿ ಮಾಡಿದ್ರ ತೇರವಿ ಸಿಹೀನೂ ಲಗ್ನದ ಮಾತೂ ಎರಡೂ ಆದಂಗ. ಬಾಯಿ ತಗಿ, ನಮ್ಮವ್ವಾ."

ಬಾಯಿ ತೆರೆದರೆ ಒಪ್ಪಿದ ಹಾಗೆ. ತೆರೆಯದಿದ್ದರೆ ಅಪ್ಪನ ತೇರವಿಯ ಸಿಹಿಯನ್ನೇ ದೂಡಿದ ಹಾಗೆ. ಎಡಕ್ಕೆ ಹೆಂಗಸರ ಸಾಲು, ಬಲಕ್ಕೆ ಹೂವು ಏರಿಸಿದ ಅಪ್ಪನ ಫೋಟೊ, ಹಿಂದೆ ಗೋಡೆ. ಅತ್ತೆಯ ಬೆರಳು ತುಟಿಗೆ ತಾಗಿತು. ಅತ್ತೆಯ ಕಣ್ಣಲ್ಲಿ ನೀರಿತ್ತು. ಆ ಅಳು ಸುಳ್ಳಲ್ಲ ಅಂತ ಕಾಜಲಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಅದಕ್ಕೇ ತಿಂದಿದ್ದರು.

"ಅಪ್ಪ ನಿಮ್ಮ ಅಳು ನೋಡಲಾರದ ತಿಂದಾರ್ರಿ, ಅತ್ತಿ" ಅಂದಳು, ಅತ್ತೆಗಷ್ಟೇ ಕೇಳುವ ಹಾಗೆ. "ನಾ ತಿನ್ನಂಗಿಲ್ಲ."

ಮೈಕು ಇನ್ನೂ ಎದೆಗವಚಿದ ಕೈಯಲ್ಲೇ ಇತ್ತು. ಆ ಪಿಸುಮಾತು ಪೆಂಡಾಲು ದಾಟಿ ರಸ್ತೆಯವರೆಗೂ ಹೋಯಿತು.

ಯಶೋದಾಬಾಯಿ ಬಟ್ಟಲು ಹಿಂದೆಳೆದುಕೊಂಡಳು. ಮಹಾರುದ್ರಪ್ಪ ಕೆಮ್ಮಿ, "ನಡೀರಿ, ಎಲಿ ಹಾಕ್ರಿ" ಅಂದ. ತೇರವಿ ಊಟಕ್ಕೆ ಮಗಳೇ ಮೊದಲು ಬಡಿಸಬೇಕು. ಹುಗ್ಗಿಯ ಬಕೆಟು ಹಿಡಿದು ಕಾಜಲ ಸಾಲಿಗೆ ಇಳಿದಳು. ಸರ್ದಾರಬಿ ಹಾಕಿಸಿಕೊಂಡಳು, ಅಪ್ಪ ಓದಿಸಿದ ಹುಡುಗಿಯರು ಹಾಕಿಸಿಕೊಂಡರು, ತಲೆ ಎತ್ತದೆ ಧರ್ಮೇಂದ್ರನೂ ಹಾಕಿಸಿಕೊಂಡ. ಅವನ ಪಕ್ಕ ಯಶೋದಾಬಾಯಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಅತ್ತಿ, ಸ್ವಲ್ಪ."

ಕೈ ಸರಿಯಲಿಲ್ಲ. ಹಿಂದೆ ಅನ್ನದವನು, ಸಾರಿನವನು ಬಂದು ನಿಂತರು. ದಾಟಿ ಹೋದರೆ ಅಪ್ಪನ ತಂಗಿಯನ್ನು ಉಪವಾಸ ಬಿಟ್ಟ ಹಾಗೆ. ಕಾಜಲ ತುಂಬಿದ ಸೌಟು ಹಿಡಿದು ಅಲ್ಲೇ ಬಗ್ಗಿ ನಿಂತಳು.