ಇನ್ಸ್‌ಪೆಕ್ಟರ್ ಮೇಲೇ ಅನುಮಾನ

ನನ್ನ ಗಂಡ ಇಪ್ಪತ್ತೆರಡು ವರ್ಷಗಳಲ್ಲಿ ಕಡಿಮೆಯೆಂದರೂ ಮುನ್ನೂರು ಕೊಲೆ ಮಾಡಿದ್ದಾರೆ. ಎಲ್ಲವೂ ಬಾಯಲ್ಲೇ. ಹೊರದೇಶದ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವರ ಕಸುಬು. ಕೊಲೆಗಾರನ ಪಾತ್ರ ಬಂದರೆ ಸ್ಟುಡಿಯೋದವರು ಕಣ್ಣು ಮುಚ್ಚಿಕೊಂಡು ಇವರನ್ನೇ ಕರೆಯುತ್ತಾರೆ. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುವ ಮನುಷ್ಯ!

ಈ ಸಲ ಮೊದಲ ಬಾರಿಗೆ ಒಳ್ಳೆಯವನ ಪಾತ್ರ ಸಿಕ್ಕಿತು. ಫ್ರೆಂಚ್ ಪತ್ತೇದಾರಿ ಧಾರಾವಾಹಿಯ ಇನ್ಸ್‌ಪೆಕ್ಟರ್. ಪ್ರತಿ ಭಾನುವಾರ ಮಧ್ಯಾಹ್ನ ಒಂದು ಕಂತು, ಒಟ್ಟು ಎಂಟು. ಬೇಕರಿಯವನನ್ನು ಯಾರೋ ಕೊಂದಿದ್ದಾರೆ, ಇವರು ಕಂಡುಹಿಡಿಯಬೇಕು. ಇವರ ಸಂಭ್ರಮ ನೋಡಬೇಕಿತ್ತು. ಕನ್ನಡಿ ಮುಂದೆ ನಿಂತು "ಯಾರೂ ಅಲುಗಾಡಬೇಡಿ" ಎಂದು ಹೇಳಿದ್ದೇ ಹೇಳಿದ್ದು.

ಮೊದಲ ಕಂತು ಮುಗಿಯುವಷ್ಟರಲ್ಲಿ ಚಾನೆಲ್ಲಿನ ಪುಟದಲ್ಲಿ ವೀಕ್ಷಕರ ಅಭಿಪ್ರಾಯಗಳು ಬಂದು ಬಿದ್ದವು. ನಾನು ಗಟ್ಟಿಯಾಗಿ ಓದುತ್ತಾ ಹೋದೆ, ಅವರ ಮುಖ ಇಳಿಯುತ್ತಾ ಹೋಯಿತು.

"ಇನ್ಸ್‌ಪೆಕ್ಟರೇ ಕೊಂದಿರೋದು. ದನಿ ಕೇಳಿದ್ರೆ ಗೊತ್ತಾಗಲ್ವಾ?"

"ಸಾಕ್ಷಿ ಹೇಳೋ ಅಜ್ಜೀನ ಇವನ ಜೊತೆ ಒಬ್ಬಳನ್ನೇ ಬಿಡಬೇಡ್ರಪ್ಪಾ!"

ಹೊರಗಿನವರ ಮಾತು ಹಾಳಾಗಲಿ, ನಮ್ಮತ್ತೆಯೂ ಅದೇ ರಾಗ. "ನೋಡ್ತಾ ಇರು, ಕೊನೇಲಿ ಇವನೇ ಸಿಕ್ಕಿಬೀಳ್ತಾನೆ."

"ಅಮ್ಮಾ, ಅದು ನಾನು!"

"ನೀನಾಗಿರೋದಕ್ಕೇ ಹೇಳ್ತಿರೋದು."

ಇವರು ದನಿಗೆ ಸಕ್ಕರೆ ಬೆರೆಸಿದರು. ಎರಡನೆಯ ಕಂತಿನಲ್ಲಿ ಬೇಕರಿಯವನ ಹೆಂಡತಿಯನ್ನು ಎಷ್ಟು ನಯವಾಗಿ ಮಾತಾಡಿಸಿದರೆಂದರೆ, ಇದ್ದಬದ್ದವರ ಅನುಮಾನವೂ ಗಟ್ಟಿಯಾಯಿತು. ಡಬ್ಬಿಂಗ್ ನಿರ್ದೇಶಕರು ಫೋನ್ ಮಾಡಿ, "ಇನ್ನೊಂದೇ ಕಂತು ನೋಡೋಣ. ಜನ ಹೀಗೇ ಅಂತಿದ್ರೆ ಬೇರೆಯವರ ಕೈಲಿ ಮಾಡಿಸ್ತೀವಿ, ಬೇಜಾರು ಮಾಡ್ಕೋಬೇಡಿ" ಎಂದರು. ಇವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಸಾಯೋದ್ರೊಳಗೆ ಒಂದೇ ಒಂದು ಸಲ ಒಳ್ಳೆಯವನು ಅನ್ನಿಸ್ಕೋಬೇಕು ಅಂತಿತ್ತು ಕಣೇ" ಎಂದರು. ನನಗೆ ಪಾಪ ಅನ್ನಿಸಿತು, ಜೊತೆಗೆ ಕೋಪವೂ ಬಂತು.

ಮರುದಿನ ಔಷಧದಂಗಡಿಯ ನನ್ನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಸ್ಟುಡಿಯೋಗೆ ಹೋದೆ. ಗಾಜಿನಾಚೆ ಇವರು ಮಾತು ಬರೆದ ಕಾಗದ ಹಿಡಿದು ಮೈಕಿನ ಮುಂದೆ ನಿಂತಿದ್ದರು. ಪರದೆಯ ಮೇಲೆ ಫ್ರೆಂಚ್ ಇನ್ಸ್‌ಪೆಕ್ಟರ್, ಎದುರಿಗೆ ಬೇಕರಿಯವನ ಹೆಂಡತಿ ನಿಂತಿರುವಾಗ, ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಿದ್ದ. ಅದು ಅವನ ಹಣೆಯ ಮೇಲೇ ಇತ್ತು. ಇವರು ಜೇನು ಸುರಿಸುತ್ತಾ, "ದಯವಿಟ್ಟು ಕುಳಿತುಕೊಳ್ಳಿ ತಾಯೀ" ಎಂದರು. ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು.

ನನಗೆ ತಡೆಯಲಾಗಲಿಲ್ಲ. ಗಾಜಿನಾಚೆ ಇದ್ದವರ ಜೊತೆ ಮಾತಾಡುವ ಗುಂಡಿ ಒತ್ತಿಯೇಬಿಟ್ಟೆ. "ರೀ, ಆ ಕಾಗದ ಆಚೆಗಿಡಿ. ಬೆಳಿಗ್ಗೆ ಸ್ಕೂಟರ್ ಕೀ ಸಿಗದೇ ಇದ್ದಾಗ ಹೇಗೆ ಗೊಣಗ್ತೀರೋ ಹಾಗೆ ಗೊಣಗಿ."

"ಅದನ್ನ ಯಾರೇ ಕೇಳ್ತಾರೆ?"

"ನಾನು ಇಷ್ಟು ವರ್ಷದಿಂದ ಕೇಳ್ತಿಲ್ವಾ!"

ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪರದೆಯತ್ತ ತಿರುಗಿದರು. "ಅಯ್ಯೋ, ಕೂತ್ಕೊಳ್ಳೀಮ್ಮ ನೀವು. ಇಲ್ಲೇ ಇಟ್ಟಿದ್ದೆ ಕನ್ನಡಕ, ಯಾರು ತೆಗೆದ್ರೋ ಏನೋ, ಒಂದು ವಸ್ತು ಇಟ್ಟಲ್ಲಿ ಇರಲ್ಲ..." ಫ್ರೆಂಚ್ ಬಾಯಿಗೆ ಮಾತು ಅಂಟಿಸಿದಂತೆ ಕೂತಿತು. ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಇದೇ! ಇನ್ಮೇಲೆ ಇದೇ ದನಿ!"

ಭಾನುವಾರ ನಾನು ಫೋನ್ ಹಿಡಿದೇ ಟಿವಿ ಮುಂದೆ ಕೂತೆ. ಅಭಿಪ್ರಾಯಗಳು ಒಂದೊಂದಾಗಿ ಬರತೊಡಗಿದವು.

"ಥೇಟ್ ನಮ್ಮನೆಯವರು. ಇಂಥೋರು ಕೊಲೆ ಮಾಡ್ಬೇಕಾದ್ರೆ ಚಾಕು ಎಲ್ಲಿದೆ ಅಂತ ಹೆಂಡ್ತೀನೇ ಹೇಳ್ಬೇಕು."

"ಪಾಪದ ಮನುಷ್ಯ ಕಣ್ರೀ. ನಂಗೆ ಸತ್ತೋನ ಭಾಮೈದನ ಮೇಲೆ ಡೌಟು."

ಕಂತು ಮುಗಿಯುವ ಮೊದಲೇ ನಿರ್ದೇಶಕರ ಫೋನ್ ಬಂತು. "ಉಳಿದ ಐದು ಕಂತೂ ನಿಮ್ದೇ" ಎಂದರು ಅವರು. ಇವರು ಹೂಂ ಎಂದು ಫೋನ್ ಇಟ್ಟು ಅಮ್ಮನ ಕಡೆಗೇ ನೋಡುತ್ತಾ ಕೂತರು.

ಅತ್ತೆಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಪರದೆಯ ಮೇಲೆ ಇನ್ಸ್‌ಪೆಕ್ಟರ್ ಮತ್ತೆ ಕನ್ನಡಕಕ್ಕಾಗಿ ತಡಕಾಡುತ್ತಿದ್ದ. ಮಗ ಪಕ್ಕದಲ್ಲೇ ಇದ್ದರೂ ಅವರು ಟಿವಿಯತ್ತ ಬಾಗಿ, "ಹಣೆ ಮೇಲೇ ಇದೆ ನೋಡೋ ಮಗಾ!" ಎಂದು ಕೂಗಿದರು.

"ಅಮ್ಮಾ," ಇವರು ಅತ್ತೆಯ ತೋಳು ಹಿಡಿದರು, "ಹಾಗಾದ್ರೆ ಕೊಂದಿದ್ದು ನಾನಲ್ಲ ಅಂತೀಯಾ?"

"ಛೀ, ಹುಚ್ಚಪ್ಪಾ! ನಿನ್ನ ಕೈಲಿ ಅದೆಲ್ಲ ಎಲ್ಲಾಗತ್ತೋ" ಎಂದು ಅತ್ತೆ ಇವರ ಬೆನ್ನಿಗೊಂದು ಗುದ್ದಿದರು.