ಗಾಜಿನ ಮೇಲೆ ಒದ್ದೆ ಬೆರಳು

ಸದ್ದುಮೇಷ್ಟ್ರು ನಡೆದು ಬರುವ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಬಾನುಲಿ ನಿಲಯದ ಉದ್ದನೆಯ ಕಾರಿಡಾರಿನಲ್ಲಿ ಅವರು ಹಿಮ್ಮಡಿ ತಾಕಿಸದೆ, ನೆಲವೇ ನಿದ್ದೆಹೋಗಿದೆಯೇನೋ ಎಂಬಂತೆ ಹೆಜ್ಜೆಯಿಡುತ್ತ ಬಂದು, ನಮ್ಮ ಬೆನ್ನ ಹಿಂದೆ ನಿಂತು "ಕೇಳಿಸ್ತಾ?" ಎಂದಾಗಲೇ ನಾವು ಬೆಚ್ಚಿ ತಿರುಗುತ್ತಿದ್ದುದು. ಏನೂ ಕೇಳಿಸದಿದ್ದರೂ ಹೂಂ ಎನ್ನುತ್ತಿದ್ದೆವು. ಕೇಳಿಸಬೇಕಾಗಿದ್ದುದಾದರೂ ಏನು? ಕಿಟಕಿಯಾಚೆ ಒಂದು ಒಣ ಎಲೆ ಬಿದ್ದಿರುತ್ತಿತ್ತು, ಇಲ್ಲವೇ ಮೂರನೆಯ ಕೋಣೆಯ ಫ್ಯಾನು ಎಣ್ಣೆ ಬೇಡುತ್ತಿರುತ್ತಿತ್ತು. ಚಳಿಯಿರಲಿ ಸೆಕೆಯಿರಲಿ ಬಿಡದೆ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಗುಂಡಿಗಳನ್ನೆಲ್ಲ ಕಿತ್ತುಹಾಕಿ ಅವುಗಳ ಜಾಗದಲ್ಲಿ ಬಟ್ಟೆಯ ಗಂಟುಗಳನ್ನು ಹೊಲಿಸಿಕೊಂಡಿದ್ದರು. ಗುಂಡಿ ಮೇಜಿಗೆ ತಾಗಿದರೆ ಟಕ್ಕೆನ್ನುತ್ತದೆ, ಮೈಕು ಅದನ್ನು ಕ್ಷಮಿಸುವುದಿಲ್ಲ ಎಂಬುದು ಅವರ ವಾದ. "ಎಲೆ ಬಿದ್ರೆ ಕೇಳುತ್ತೆ ಇವರಿಗೆ, ಅಡುಗೆಮನೆಯಿಂದ ನಾನು ಗಂಟಲು ಹರ್ಕೊಂಡ್ರೆ ಕೇಳಲ್ಲ," ಎಂದು ಅವರ ಹೆಂಡತಿ ನಮ್ಮೆದುರೇ ಹಂಗಿಸುತ್ತಿದ್ದರು. ಮೇಷ್ಟ್ರು ಅದನ್ನೂ ಕೇಳಿಸಿಕೊಳ್ಳದವರಂತೆ ನಗುತ್ತಿದ್ದರು.

ರೇಡಿಯೊ ನಾಟಕಗಳಿಗೆ ಸದ್ದು ಒದಗಿಸುವುದು ಅವರ ಕಸುಬು. ಎರಡು ತೆಂಗಿನ ಚಿಪ್ಪಿದ್ದರೆ ಕುದುರೆ, ಒಂದು ತಗಡಿದ್ದರೆ ಗುಡುಗು, ಮೊರದ ಮೇಲೆ ಹಿಡಿ ಅಕ್ಕಿ ಉರುಳಿಸಿದರೆ ಮಳೆ. ನಾನು ಅಲ್ಲಿ ಬರವಣಿಗೆಯ ಕೆಲಸದಲ್ಲಿದ್ದವನು. ನನ್ನ ಎಷ್ಟೋ ಸಪ್ಪೆ ನಾಟಕಗಳು ಅವರ ಮಳೆಯಲ್ಲಿ ನೆನೆದೇ ಜೀವ ಹಿಡಿದದ್ದು. ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆಂದು ಒಮ್ಮೆ ನಾನು ಬಸವನಹುಳುವಿನ ಬಗ್ಗೆ ಬರೆದೆ. ಆ ಪ್ರಾಣಿಯ ವಿಷಯದಲ್ಲಿ ನನ್ನ ಜ್ಞಾನ ಸೊನ್ನೆ. ಆದರೂ ಸಾಲಿನ ಲಯ ಚೆನ್ನಾಗಿ ಬಂತೆಂಬ ಮೋಹಕ್ಕೆ "ಮುಸ್ಸಂಜೆಯಾದರೆ ಬಸವನಹುಳು ಮೆಲ್ಲನೆ ಹಾಡುತ್ತದೆ" ಎಂದು ಗೀಚಿಬಿಟ್ಟೆ. ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿ, "ಇದು ನಿಜಾನಾ?" ಎಂದರು. "ಯಾರು ಹೋಗಿ ಕೇಳ್ತಾರೆ ಬಿಡಿ ಮೇಷ್ಟ್ರೇ," ಎಂದೆ. ಅವರು ಬೆರಳನ್ನು ನೀರಿನಲ್ಲದ್ದಿ ಗಾಜಿನ ಹಲಗೆಯ ಮೇಲೆ ಎಳೆದರು. ಎಂಥ ಇಂಪಾದ ಎಳೆಯ ದನಿ ಹೊರಟಿತೆಂದರೆ, ನನಗೇ ನನ್ನ ಮಾತಿನಲ್ಲಿ ನಂಬಿಕೆ ಬಂತು.

ಹದಿನೈದು ದಿನದ ಮೇಲೆ ಒಂದು ಪತ್ರ ಬಂತು. ಬರೆದವಳು ಎಂಟು ವರ್ಷದ ಹುಡುಗಿ. "ನಿಮ್ಮ ಹುಳು ಹಾಡಿತು. ನನ್ನ ಹುಳು ಹಾಡುವುದಿಲ್ಲ. ದಿನಾಲೂ ಅದರ ಡಬ್ಬಿಯ ಮೇಲೆ ತಾಳ ತಟ್ಟಿ ಹಾಡಿ ತೋರಿಸುತ್ತೇನೆ. ಅದು ಕೊಂಬು ಒಳಗೆ ಎಳೆದುಕೊಂಡು ಚಿಪ್ಪಿನಲ್ಲಿ ಕೂತುಬಿಡುತ್ತದೆ. ಅದಕ್ಕೆ ನನ್ನ ಮೇಲೆ ಸಿಟ್ಟೇ?"

ನಾವೆಲ್ಲ ಓದಿ ನಕ್ಕೆವು. ಮೇಷ್ಟ್ರು ನಗಲಿಲ್ಲ. ಪತ್ರವನ್ನು ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿದರು, ಮರುದಿನವೇ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು ಹುಡುಕಿಕೊಂಡು ಹೋಗಿ, ಬಸವನಹುಳುವಿಗೆ ಹಾಡುವ ಗಂಟಲಿಲ್ಲ, ಕೇಳುವ ಕಿವಿಯೂ ಇಲ್ಲ ಎಂಬ ವರ್ತಮಾನದೊಂದಿಗೆ ಮುಖ ಸಣ್ಣದು ಮಾಡಿಕೊಂಡು ಬಂದರು. "ನಾಟಕದಲ್ಲಿ ಚಿಪ್ಪು ಬಡಿದ್ರೆ ಅದು ಕುದುರೆಯಲ್ಲ ಅಂತ ಎಲ್ರಿಗೂ ಗೊತ್ತು. ಇದು ಹಾಗಲ್ಲಪ್ಪ. ಆ ಮಗು ನನ್ನ ಬೆರಳು ನಂಬ್ಕೊಂಡು, ತನ್ನ ಹುಳಕ್ಕೆ ತಾನು ಬೇಡ ಅಂದ್ಕೊಂಡಿದೆ." ಈ ಸುಳ್ಳನ್ನು ಪ್ರಸಾರವಾದಲ್ಲೇ ತಿದ್ದಬೇಕು, ಹುಳು ಎಲೆ ತಿನ್ನುವಾಗಿನ ನಿಜವಾದ ಸದ್ದನ್ನು ಕೇಳಿಸಬೇಕು, ಅದಕ್ಕೆ ಎರಡು ನಿಮಿಷ ಬೇಕು ಎಂದು ನಿಲಯದ ಮುಖ್ಯಸ್ಥರ ಮುಂದೆ ನಿಂತರು.

"ತಪ್ಪು ಅಂತ ನಾವೇ ಹೇಳ್ಕೊಂಡ್ರೆ ನಾಳೆ ನಮ್ಮ ಸುದ್ದೀನೂ ಯಾರೂ ನಂಬಲ್ಲ," ಎಂದು ಮುಖ್ಯಸ್ಥರು ಅಡ್ಡಡ್ಡ ತಲೆಯಾಡಿಸಿದರು. ನಿವೃತ್ತಿಗೆ ಎಂಟೇ ತಿಂಗಳು ಉಳಿದಿದ್ದ ಮನುಷ್ಯ, ನಲವತ್ತು ವರ್ಷ ಮೇಲಧಿಕಾರಿಗೆ ಎದುರಾಡದ ಮನುಷ್ಯ, ನಮ್ಮ ಮೇಷ್ಟ್ರು, ಮೆಲುದನಿಯಲ್ಲೇ ಹೇಳಿದರು: "ಹಾಗಾದ್ರೆ ಅದು ಆಗೋವರೆಗೂ ನನ್ನ ಕೈಯಿಂದ ಒಂದು ಸದ್ದೂ ಹೊರಡಲ್ಲ ಸರ್." ಆ ವಾರದ ನಾಟಕದಲ್ಲಿ ದೋಣಿ ಸದ್ದಿಲ್ಲದೆ ಮುಳುಗಿತು. ನಾಯಕ ಸತ್ತದ್ದು ಅರ್ಧಕ್ಕರ್ಧ ಕೇಳುಗರಿಗೆ ಗೊತ್ತೇ ಆಗಲಿಲ್ಲ. ಮುಖ್ಯಸ್ಥರು ಎರಡು ನಿಮಿಷ ಕೊಟ್ಟರು.

ಇನ್ನು ಸದ್ದನ್ನು ಹಿಡಿಯುವ ಕೆಲಸ. ನೆಲಮಾಳಿಗೆಯ ಹಳೆಯ ಟೇಪುಗಳ ಕೋಣೆಯಲ್ಲಿ, ಕಚೇರಿ ಬಹುಪಾಲು ಖಾಲಿಯಿರುವ ಭಾನುವಾರದ ಮಧ್ಯಾಹ್ನಗಳಲ್ಲಿ, ಮೇಜಿನ ಮೇಲೆ ಒಂದು ಮಣ್ಣಿನ ತಟ್ಟೆ, ತಟ್ಟೆಯಲ್ಲಿ ಎಲೆಕೋಸಿನ ತುಂಡು, ಅದರ ಮೇಲೆ ಬಸವನಹುಳು, ಅದರ ಕೊಂಬಿಗೆ ತಾಗುವಷ್ಟು ಹತ್ತಿರ ಮೈಕು. ಮೊದಲ ಭಾನುವಾರ ಹುಳು ಚಿಪ್ಪಿನಿಂದ ಹೊರಗೇ ಬರಲಿಲ್ಲ. ಎರಡನೆಯ ಭಾನುವಾರ ಕೊಂಬು ಚಾಚಿತು, ಎಲೆಗೆ ಬಾಯಿಟ್ಟಿತು, ಯಾವ ಕಾರಣವೂ ಇಲ್ಲದೆ ಮುದುಡಿಕೊಂಡಿತು. ನನಗೆ ತಾಳ್ಮೆ ಕೆಟ್ಟು, "ಇದಕ್ಕೂ ನಮ್ಮ ಮುಖ್ಯಸ್ಥರದ್ದೇ ಬುದ್ಧಿ," ಎಂದೆ. ಮೇಷ್ಟ್ರು ಬೆರಳೆತ್ತಿ ನನ್ನನ್ನು ಸುಮ್ಮನಾಗಿಸಿ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದರು. ನೋಡಿ ನಾನೂ ಹಾಗೇ ಮಾಡಿದೆ. ಗೋಡೆಯಾಚೆ ಲಿಫ್ಟು ಇಳಿದಾಗಲೆಲ್ಲ ಮೇಜು ನಡುಗುತ್ತಿತ್ತು. ಕಿವಿಗೆ ಏನೇನೂ ಇಲ್ಲ, ಅಂಗೈಗೆ ಮಾತ್ರ ಇರುವೆ ಹರಿದಷ್ಟು. ಹುಳು ಮುದುಡುತ್ತಿದ್ದುದು ಸರಿಯಾಗಿ ಆಗಲೇ.

"ನಲವತ್ತು ವರ್ಷ ಕಿವಿ ನಂಬ್ಕೊಂಡು ಅನ್ನ ತಿಂದೆ ಕಣಯ್ಯಾ. ಕಿವಿಯೇ ಇಲ್ಲದ್ದು ನನಗಿಂತ ಮುಂಚೆ ಕೇಳಿಸ್ಕೊಂಡಿತಲ್ಲ! ಅದಕ್ಕೆ ಮೈಯೇ ಕಿವಿ, ಅಂಗಾಲೇ ಕಿವಿ." ಹೀಗೆಂದವರ ಕಣ್ಣು ತುಂಬಿತ್ತು. ಮರುಕ್ಷಣವೇ ಜೇಬಿನಿಂದ ಪತ್ರ ತೆಗೆದು ಒಂದೇ ಸಾಲನ್ನು ಮತ್ತೆ ಓದಿದರು: ಡಬ್ಬಿಯ ಮೇಲೆ ತಾಳ ತಟ್ಟಿ ಹಾಡುತ್ತೇನೆ. "ಹಾಡಿಗಲ್ಲ ಅದು ಹೆದರಿದ್ದು. ತಾಳಕ್ಕೆ."

ಮೂರನೆಯ ಭಾನುವಾರ ಲಿಫ್ಟನ್ನು ನಿಲ್ಲಿಸಲಾಯಿತು. ಮೇಜಿನ ಕಾಲುಗಳಡಿ ರಬ್ಬರಿನ ತುಂಡುಗಳು ಬಂದವು. ಹೆಜ್ಜೆ ಕೇಳಿಸದ ಆ ಮನುಷ್ಯ ಚಪ್ಪಲಿಯನ್ನೂ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಅಂದು ಸಿಕ್ಕಿತು ಸದ್ದು: ಹುಳು ತನ್ನ ಒರಟು ನಾಲಗೆಯಿಂದ ಎಲೆಯನ್ನು ಕೆರೆಯುವ ಕರಕರ, ಮರಕ್ಕೆ ಉಪ್ಪುಕಾಗದ ಉಜ್ಜಿದಂತೆ; ಆಮೇಲೆ ಹೊಟ್ಟೆ ತುಂಬಿ ಚಿಪ್ಪಿನೊಳಕ್ಕೆ ಸರಿಯುವಾಗ ಗಾಳಿ ಹೊರಬಿದ್ದು ಒಡೆದ ಒಂದೇ ಒಂದು ಗುಳ್ಳೆ. ಹೆಡ್‌ಫೋನನ್ನು ನನ್ನ ಕಿವಿಗೆ ಹಚ್ಚಿ ಅವರು ಕೇಳಿದರು, "ಕೇಳಿಸ್ತಾ?" ಕೇಳಿಸಿತು ಎಂದು ನಾನು ಆ ದಿನ ಮೊದಲ ಬಾರಿಗೆ ನಿಜ ಹೇಳಿದೆ.

ನಲವತ್ತು ವರ್ಷದಲ್ಲಿ ಅವರ ಸ್ವಂತ ದನಿ ಗಾಳಿಗೇರಿದ್ದು ಅದೊಂದೇ ಸಲ. "ಮಕ್ಕಳೇ, ಅವತ್ತು ನೀವು ಕೇಳಿದ್ದು ಬಸವನಹುಳು ಅಲ್ಲ, ಗಾಜಿನ ಮೇಲೆ ನನ್ನ ಒದ್ದೆ ಬೆರಳು. ತಪ್ಪು ನಂದು. ಹುಳಕ್ಕೆ ಹಾಡೋಕೆ ಬರಲ್ಲ, ನಿಮ್ಮ ಹಾಡು ಕೇಳೋಕೂ ಬರಲ್ಲ. ಆದ್ರೆ ಡಬ್ಬಿ ತಟ್ಟಿದ್ರೆ ಅದರ ಮೈಗೆಲ್ಲ ಗೊತ್ತಾಗುತ್ತೆ, ಹೆದರುತ್ತೆ. ಸಿಟ್ಟಲ್ಲ ಅದು. ಈಗ ನಿಜವಾದ್ದು ಕೇಳಿ, ರೇಡಿಯೊ ಸದ್ದು ಪೂರ್ತಿ ಏರಿಸಿ." ನಲವತ್ತು ಸೆಕೆಂಡು ಕರಕರ, ಒಂದು ಗುಳ್ಳೆ. ಇಷ್ಟನ್ನೆಲ್ಲ ಯೋಚಿಸಿದವರು ಸದ್ದು ಮತ್ತೆ ಇಳಿಸಿ ಎನ್ನುವುದನ್ನು ಮಾತ್ರ ಮರೆತರು! ಬೆನ್ನಿಗೇ ಸುದ್ದಿಗೆ ಮುಂಚಿನ ವಾದ್ಯಸಂಗೀತ ಅಷ್ಟೂ ಮನೆಗಳಲ್ಲಿ ಸಿಡಿಲಿನಂತೆ ಬಡಿಯಿತು. ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದ ಅಜ್ಜನೊಬ್ಬರ ಚಹಾ ಮಡಿಲಿಗೆ ಬಿತ್ತಂತೆ, ಕ್ಷೌರದಂಗಡಿಯವನೊಬ್ಬ ಗಿರಾಕಿಯ ಅರ್ಧ ಮೀಸೆ ಹಾರಿಸಿಬಿಟ್ಟನಂತೆ. ಸಂಜೆಯವರೆಗೂ ಫೋನು ಬಾಯಿ ಮುಚ್ಚಲಿಲ್ಲ. ಮುಖ್ಯಸ್ಥರು ಕೊಟ್ಟ ಮೆಮೊವನ್ನು ಮೇಷ್ಟ್ರು ಗೌರವದಿಂದಲೇ ಸ್ವೀಕರಿಸಿ, ನಾಲ್ಕಾಗಿ ಮಡಿಸಿ, ಕಟಕಟ ಎನ್ನುತ್ತಿದ್ದ ತಮ್ಮ ಕುರ್ಚಿಯ ಕಾಲಿನಡಿ ಇಟ್ಟರು.

ಹತ್ತು ದಿನದ ಮೇಲೆ ಬಂದ ಕಾರ್ಡಿನಲ್ಲಿ ಎರಡೇ ಸಾಲು. "ಈಗ ಡಬ್ಬಿ ತಟ್ಟದೆ ಹಾಡುತ್ತೇನೆ. ಅದಕ್ಕೆ ಕೇಳದಿದ್ದರೂ ಪರವಾಗಿಲ್ಲ, ಕೊಂಬು ಹೊರಗೇ ಇರುತ್ತದೆ." ಮೇಷ್ಟ್ರು ಅದನ್ನು ಹೆಂಡತಿಗೆ ಓದಿ ಹೇಳಿದರು. ಆಕೆ ಅಂದು ಹಂಗಿಸಲಿಲ್ಲ.

ಹಾಡುತ್ತದೆ ಎಂಬ ಸಾಲು ನನ್ನದೆಂದು ಅವರು ಮುಖ್ಯಸ್ಥರಿಗೂ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಹೇಳುವ ಧೈರ್ಯ ನನಗೆ ಬರಲಿಲ್ಲ. ಇಷ್ಟು ವರ್ಷದ ಮೇಲೆ, ಅವರಿಲ್ಲದ ಕಾಲದಲ್ಲಿ, ಇಲ್ಲಿ ಹೇಳುತ್ತಿದ್ದೇನೆ. ಲೋಕದ ದೊಡ್ಡ ಸುಳ್ಳುಗಳ ಮೇಲೆ ಹರಿಹಾಯುವವರು ಬೀದಿಗೊಬ್ಬರು ಸಿಗುತ್ತಾರೆ. ತನ್ನ ಬೆರಳ ತುದಿಯಿಂದ ಹೊರಟ ಎಳ್ಳಷ್ಟು ಸುಳ್ಳನ್ನು ಹುಡುಕಿಕೊಂಡು, ಅದು ಯಾವ ಮಗುವಿನ ಮನೆಯವರೆಗೆ ಹೋಗಿದೆಯೋ ಅಲ್ಲಿಯವರೆಗೂ ಬರಿಗಾಲಲ್ಲಿ ನಡೆಯುವವರು ಅಪರೂಪ. ಅಂಥವರು ಬಂದದ್ದೂ ನಮಗೆ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ನಾನಂತೂ ಇಂದಿಗೂ ಒಂದು ಸಾಲು ಚೆನ್ನಾಗಿ ಬಂತು ಎನ್ನಿಸಿದ ಕೂಡಲೇ ಒಮ್ಮೆ ಹಿಂತಿರುಗಿ ನೋಡುತ್ತೇನೆ. ಅವರು ಬಂದು ನಿಂತಿದ್ದರೂ ಕೇಳಿಸುವುದಿಲ್ಲವಲ್ಲ.