ಸತ್ತ ಅನ್ನಬೇಡಿ

ಬೆಂಚು ಎತ್ತರವಾಯಿತು, ಮುದುಕಿಯ ಕಾಲು ನೆಲಕ್ಕೆ ತಾಗುತ್ತಿಲ್ಲ, ಒಂದನೇ ಕ್ಲಾಸಿನ ಮಗುವಿನ ಕಾಲಿನ ಹಾಗೆ ತೂಗಾಡುತ್ತಿದೆ, ಒಂದು ಸ್ಟೂಲಾದರೂ ಕೇಳೋಣವೆಂದರೆ ಹಲವು ದೇಶಗಳು ಸೇರಿ ಕಟ್ಟಿದ ಮಾನವ ಹಕ್ಕುಗಳ ಈ ದೊಡ್ಡ ಕೋರ್ಟಿನಲ್ಲಿ ಎಲ್ಲರಿಗೂ ಅವಸರ — ಮುದುಕಿಯ ವಕೀಲರ ಕಡೆಯ ಸಂಶೋಧಕಿ ಅಂತ ಕೊರಳಲ್ಲಿ ಬ್ಯಾಡ್ಜು ನೇತುಹಾಕಿಕೊಂಡಿರುವ ಇವಳಿಗೂ, ಒಳಗೆ ಕರೆಯುವಷ್ಟರಲ್ಲಿ ಮುದುಕಿಗೆ ಹೇಳಿಬಿಡಬೇಕು, ಹೇಗೆ ಹೇಳುವುದು. ಅದರಲ್ಲೇನಿದೆ ಅಂದಿದ್ದರು ಸೀನಿಯರ್ ವಕೀಲರು, ಟೈ ಸರಿಮಾಡಿಕೊಳ್ಳುತ್ತಾ, ಮಗ ಸತ್ತ ಅಂತ ಆಕೆ ಬಾಯಿಬಿಡಬಾರದು ಅಷ್ಟೆ. ಸೈನಿಕರು ಅವನನ್ನು ಮನೆಯಿಂದ ಎಳೆದೊಯ್ದಾಗ ಆಕೆಯ ದೇಶ ಈ ಕೋರ್ಟಿನ ಅಧಿಕಾರವನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ, ಆಗಲೇ ಕೊಂದಿದ್ದರೆ ಅದು ಹಳೇ ಕೊಲೆ, ಕೋರ್ಟು ಮುಟ್ಟುವ ಹಾಗಿಲ್ಲ, ಕಾಣೆಯಾಗಿಯೇ ಇದ್ದರೆ ಮಾತ್ರ ಅಪರಾಧ ಇವತ್ತೂ ನಡೆಯುತ್ತಲೇ ಇದೆ, ಈ ಗಳಿಗೆಯಲ್ಲೂ — ಮುಂದುವರಿಯುವ ಅಪರಾಧ, ಥೀಸಿಸಿನಲ್ಲಿ ಇವಳೇ ಬರೆದದ್ದು, ಪರೀಕ್ಷಕರು ಬೆನ್ನು ತಟ್ಟಿದ್ದರು, ಈ ಕೆಲಸ ಸಿಕ್ಕಿದ್ದೇ ಅದರಿಂದ. ಮಗಳೇ, ಇವತ್ತು ಹೇಳಿಬಿಡ್ತೀನಿ, ಅನ್ನುತ್ತಿದ್ದಾಳೆ ಮುದುಕಿ, ಏನಮ್ಮ, ಸತ್ತೋದ ಅಂತ, ನನ್ನ ಹೊಟ್ಟೆಗೆ ಗೊತ್ತು ಕಣೇ, ಎಲ್ಲರ ಮುಂದೆ ಒಂದ್ಸಲ ಅಂದು, ಅತ್ತು ಹಗುರಾಗ್ತೀನಿ, ಅವನು ಬಂದ್ರೆ ಅಂತ ಇಷ್ಟು ವರ್ಷ ಬಾಗಿಲಿಗೆ ಚಿಲಕ ಹಾಕಿಲ್ಲ, ಇನ್ನು ಹಾಕ್ಕೊಂಡು ಮಲಗ್ತೀನಿ. ತನ್ನ ಅಪ್ಪ ತೀರಿಹೋದಾಗ ಇವಳು ಹಣೆ ಮುಟ್ಟಿದ್ದಳು, ಆಸ್ಪತ್ರೆಯ ಮಂಚದ ಕಬ್ಬಿಣದಷ್ಟೇ ತಣ್ಣಗೆ, ಅತ್ತುಬಿಡು ಮಗಾ ಅಂದಿದ್ದ ಚಿಕ್ಕಪ್ಪ, ಅತ್ತಿದ್ದಳು, ಮುಟ್ಟುವುದಕ್ಕೆ ಒಂದು ಹಣೆಯಾದರೂ ಇತ್ತು — ಹಾಗನ್ನಬೇಡೀಮ್ಮ, ಇದು ತನ್ನದೇ ದನಿಯಾ, ಇಷ್ಟು ನಯವಾಗಿ, ಹಾಗಂದ್ರೆ ಅವನನ್ನ ಎಳ್ಕೊಂಡು ಹೋದೋರು ಬಚಾವಾಗ್ತಾರೆ, ಕೇಸೇ ಬಿದ್ದೋಗುತ್ತೆ, ನಿಮ್ಮ ಹಿಂದೆ ಇನ್ನೂ ಎಷ್ಟು ಜನ ತಾಯಂದಿರು ಕಾಯ್ತಿದಾರೆ. ಮುದುಕಿಯ ಕಾಲು ತೂಗಾಡುವುದು ನಿಂತಿತು. ಅಳೋದೂ ಬೇಡ್ವಾ? ಹಾಗಾದ್ರೆ ಏನನ್ಲಿ ನೀನೇ ಹೇಳಿಕೊಡು, ಓದಿದವಳು. ಇನ್ನೂ ಬಂದಿಲ್ಲ ಅನ್ನಿ. ಸುಳ್ಳೇನಲ್ಲವಲ್ಲ, ಬಂದಿಲ್ಲ, ನಿಜವೇ, ನಿಜವನ್ನು ಹೀಗೂ ಕತ್ತರಿಸಬಹುದು. ಬಾಗಿಲು ತೆರೆಯಿತು, ಹೆಸರು ಕೂಗಿದರು, ಒಳಗೆ ಎಲ್ಲರ ಕಿವಿಗೂ ಅನುವಾದ ಕೇಳುವ ಹೆಡ್‌ಫೋನು, ನ್ಯಾಯಾಧೀಶರು ಮುಂದಕ್ಕೆ ಬಾಗಿ, ನಿಮ್ಮ ಮಗ ಏನಾದ ಅಂತ ನಿಮಗನಿಸುತ್ತೆ ತಾಯಿ? ಮುದುಕಿ ಮೈಕು ಹಿಡಿದುಕೊಂಡಳು, ತಿರುಗಿ ಇವಳನ್ನೇ ನೋಡಿದಳು, ಇನ್ನೂ ಬಂದಿಲ್ಲ, ಅಂದಳು. ಕೇಸು ಉಳೀತು, ಸೀನಿಯರ್ ಕಿವಿಯಲ್ಲಿ ಉಸುರಿದರು, ಉಳೀತು, ಹೌದು, ಆದರೆ ಮುದುಕಿ ಬಾಯಿ ಮುಚ್ಚಿಲ್ಲ, ಇವಳು ಬೇಡವೆಂದ ಆ ಇನ್ನೊಂದು ಮಾತು ತುಟಿಯವರೆಗೆ ಬಂದು ಅಲ್ಲೇ ನಿಂತಿದೆ, ಕೂತ್ಕೊಳ್ಳಿ ಅಂತ ಯಾರೋ, ಇವಳು ತಲೆ ತಗ್ಗಿಸಿದಳು, ಎತ್ತಿದಳು, ಬಾಯಿ ಇನ್ನೂ ಹಾಗೇ, ಅಳುವಿಲ್ಲ, ಸದ್ದಿಲ್ಲ, ಇವಳ ಕಡೆಗೇ ತಿರುಗಿಕೊಂಡು, ಆ ಬಾಯಿ, ತೆರೆದ ಆ ಬಾಯಿ —